ಮೂಕಜೀವಕ್ಕೆ ಕೈಯ ಆಸರೆ



ಮೂರ್ಛೆರೋಗದ ನಾಯಿಯನ್ನು ಸಾಕಿಕೊಂಡಿರುವ ಭಕ್ತರೊಬ್ಬರು, ಮೈ ನೀವಿದರೆ ರೋಗ ಹೋಗುವುದೇ, ಮಾತ್ರೆ ಬಿಡಬಹುದೇ ಎಂದು ನಮ್ಮನ್ನು ಕೇಳಿದ್ದಾರೆ.

ಈ ನೀವುವಿಕೆಯನ್ನು ರೂಪಿಸಿದವರು ಲಿಂಡಾ ಟೆಲಿಂಗ್ಟನ್-ಜೋನ್ಸ್ ಎಂಬ ಮಹಿಳೆ. ಕೆನಡಾದಲ್ಲಿ ಹುಟ್ಟಿ, ಕುದುರೆ ಪಳಗಿಸುತ್ತಿದ್ದವರು. 1970ರ ದಶಕದಲ್ಲಿ ಮೋಶೆ ಫೆಲ್ಡೆನ್‌ಕ್ರೈಸ್ ಅವರಿಂದ ಮನುಷ್ಯದೇಹದ ಚಲನೆಯ ಪಾಠ ಕಲಿತು, ಅದನ್ನು ಪ್ರಾಣಿಗಳಿಗೆ ತಂದರು. ಇದು ಮಾಲೀಸಲ್ಲ. ಬೆರಳ ತುದಿಯಿಂದ ಚರ್ಮವನ್ನು ಒಂದೂಕಾಲು ಸುತ್ತು ತಿರುಗಿಸಿ, ಕೈಯನ್ನು ಬೇರೆ ಕಡೆಗೆ ಸರಿಸುವುದು. ಕಿವಿಯನ್ನು ಬುಡದಿಂದ ತುದಿಯವರೆಗೆ ಸವರುವುದು. ಎಷ್ಟು ಹಗುರವಾಗಿ? ನಿಮ್ಮ ಮುಚ್ಚಿದ ಕಣ್ಣೆವೆಯ ಮೇಲೆ ಹಾಗೆ ಮಾಡಿದರೆ ನೋಯಬಾರದು, ಅಷ್ಟು.

ಆದರೆ ಸೆಳೆತ ಬಂದ ಗಳಿಗೆಯಲ್ಲಿ ಮುಟ್ಟುವ ಹಾಗಿಲ್ಲ. ಅದಕ್ಕೆ ಆಗ ಒಡೆಯನ ಗುರುತೂ ಇರುವುದಿಲ್ಲ, ಕಚ್ಚೀತು. ಫಿಟ್ಸ್ ಬಂದ ಮನುಷ್ಯನ ಕೈಗೆ ಕಬ್ಬಿಣ ಹಿಡಿಸುವ ನಮ್ಮ ಜನ ನಾಯಿಯ ಬಾಯಿಗೂ ಏನಾದರೂ ತುರುಕಲು ಹೋದಾರು! ನಾಲಿಗೆ ನುಂಗುತ್ತದೆ ಎಂಬುದು ಸುಳ್ಳು. ಸುತ್ತಲಿನ ಸಾಮಾನು ಸರಿಸಿ, ಮಕ್ಕಳನ್ನು ದೂರವಿಟ್ಟು, ಗಡಿಯಾರ ನೋಡಿರಿ. ಐದು ನಿಮಿಷ ದಾಟಿದರೆ ಪಶುವೈದ್ಯರಲ್ಲಿಗೆ ಓಡಬೇಕು. ಸೆಳೆತ ನಿಂತ ಮೇಲೂ ಅದು ಕೆಲಹೊತ್ತು ಕಣ್ಣು ಕಾಣದಂತೆ ಅಲೆಯುತ್ತದೆ. ನಿಮ್ಮನ್ನು ಗುರುತಿಸಿ ತಾನಾಗಿ ಬಳಿಗೆ ಬಂದಾಗ ಕೈ ಇಡಿರಿ. ಅದರ ನಡುಕ, ಹೆದರಿಕೆ ಇಳಿದೀತು.

ಮಿದುಳಿನ ಸೆಳೆತವನ್ನೇ ಈ ಕೈ ನಿಲ್ಲಿಸುತ್ತದೆಂದು ಸಿದ್ಧವಾಗಿಲ್ಲ. ಆದ್ದರಿಂದ ಮಾತ್ರೆ ಬಿಡುವ ಮಾತು ಬೇಡ. ಫಿನೋಬಾರ್ಬಿಟಾಲ್ ಕೊಡುತ್ತಿದ್ದು ಫಕ್ಕನೆ ನಿಲ್ಲಿಸಿದರೆ ಸೆಳೆತ ಮೊದಲಿಗಿಂತ ಜೋರಾಗಿ ಬಂದು ಪ್ರಾಣಕ್ಕೇ ಎರವಾಗಬಹುದು. ಹೊತ್ತಿಗೆ ಸರಿಯಾಗಿ ಮಾತ್ರೆ ಹಾಕಿ, ಸೆಳೆತ ಬಂದ ದಿನವನ್ನೂ ವೇಳೆಯನ್ನೂ ಬರೆದಿಟ್ಟು ವೈದ್ಯರಿಗೆ ತೋರಿಸಿರಿ. ನೀವುವುದನ್ನು ಅದರ ಜೊತೆಗೆ ದಿನವೂ ಮಾಡಿರಿ.