ಮಕ್ಕಳ ಇಂದ್ರಿಯಾನುಭವ ಮತ್ತು ನಮ್ಮ ಮನೆಗಳು



ಪರ್ತ್, ಬ್ರಿಸ್ಬೇನ್, ಅಡಿಲೇಡ್ ನಗರಗಳಲ್ಲಿ ನೆಲೆಸಿರುವ ನಮ್ಮ ಮನೆಗಳಲ್ಲಿ ಆಗಾಗ ಕೇಳಿಬರುವ ಮಾತೊಂದಿದೆ: "ಈ ಮಗುವಿಗೆ ಬಹಳ ಹಠ." ರಾಜ್ಯೋತ್ಸವದ ಸಭಾಂಗಣದಲ್ಲಿ ಡೊಳ್ಳಿನ ಸದ್ದು ಎದ್ದೊಡನೆ ಮಗು ಕಿವಿ ಮುಚ್ಚಿಕೊಂಡು ಮೇಜಿನಡಿ ಸೇರುತ್ತದೆ. ರೇಷ್ಮೆ ಲಂಗದ ಜರಿ ತಾಗಿದರೆ ಅಳುತ್ತದೆ. ಮೊಸರನ್ನದ ಹೊರತು ಬೇರೇನನ್ನೂ ಬಾಯಿಗಿಡದು. ಊರಿನಿಂದ ಬಂದ ಅಜ್ಜಿ ಮುದ್ದಿನಿಂದ ಕೆನ್ನೆ ಹಿಂಡಿದರೆ ಚೀರುತ್ತದೆ. ಅಜ್ಜಿಗೆ ನೋವು, ತಾಯಿಗೆ ನಾಚಿಕೆ. ಆಟಿಸಂ, ಎ.ಡಿ.ಎಚ್.ಡಿ. ಮೊದಲಾದ ಸ್ಥಿತಿಗಳಿರುವ ಅನೇಕ ಮಕ್ಕಳಲ್ಲಿ ಇಂಥ ವರ್ತನೆಯ ಬೇರು ಇರುವುದು ಇಂದ್ರಿಯಗಳು ತಂದ ಸುದ್ದಿಯನ್ನು ಮೆದುಳು ಗ್ರಹಿಸುವ ಬಗೆಯಲ್ಲಿ. ಆ ಮಗುವಿಗೆ ಜರಿ ನಿಜವಾಗಿಯೂ ಮುಳ್ಳಿನಂತೆ ಚುಚ್ಚುತ್ತಿರಬಹುದು.

ಇದು ಹೊಸದಾಗಿ ಕಂಡುಕೊಂಡ ಸಂಗತಿಯೇನೂ ಅಲ್ಲ. 1943ರಲ್ಲಿ ಅಮೆರಿಕದಲ್ಲಿದ್ದ ವೈದ್ಯ ಲಿಯೋ ಕ್ಯಾನರ್ 11 ಮಕ್ಕಳನ್ನು ಕುರಿತು ಬರೆದ ಪ್ರಬಂಧದಲ್ಲಿಯೇ ವ್ಯಾಕ್ಯೂಮ್ ಕ್ಲೀನರಿನಂಥ ಸದ್ದುಗಳಿಗೆ ಮಕ್ಕಳು ಬೆದರುವ ಪ್ರಸ್ತಾಪವಿದೆ. 1972ರಲ್ಲಿ ಜೀನ್ ಏರ್ಸ್ ಎಂಬ ಆಕ್ಯುಪೇಷನಲ್ ಥೆರಪಿಸ್ಟ್ ಇಂದ್ರಿಯಾನುಭವಗಳ ಸಂಯೋಜನೆಯನ್ನು ಕುರಿತು ಒಂದು ಗ್ರಂಥವನ್ನೇ ರಚಿಸಿದರು. ಆದರೂ ಅಮೆರಿಕದ ಮನೋವೈದ್ಯರ ಸಂಘವು ಆಟಿಸಂನ ಲಕ್ಷಣಗಳಲ್ಲಿ ಇದನ್ನು ಸ್ಪಷ್ಟವಾಗಿ ಸೇರಿಸಿದ್ದು 2013ರ ಕೈಪಿಡಿಯಲ್ಲಿ. ಅಲ್ಲಿಗೆ 70 ವರ್ಷ. ಅಷ್ಟು ಕಾಲ ಎಷ್ಟು ಮಕ್ಕಳು ಬೈಗುಳ ತಿಂದರೋ!

ಪಂಚೇಂದ್ರಿಯಗಳ ಮಾತು ನಮಗೆಲ್ಲ ಬಾಲ್ಯದಿಂದಲೂ ಪರಿಚಿತ. ಇವಲ್ಲದೆ ಒಳಗಿವಿಯಿಂದ ಬರುವ ಸಮತೋಲನದ ಅರಿವು, ಸ್ನಾಯು ಕೀಲುಗಳಿಂದ ಬರುವ ಅಂಗಸ್ಥಿತಿಯ ಅರಿವು, ಹಸಿವು ಬಾಯಾರಿಕೆಗಳನ್ನು ತಿಳಿಸುವ ಒಳ ಅರಿವು ಎಂಬಿವೂ ಉಂಟು. ಒಂದೇ ಮಗುವಿನಲ್ಲಿ ಒಂದು ಅರಿವು ಅತಿಸೂಕ್ಷ್ಮವಾಗಿದ್ದು ಇನ್ನೊಂದು ಮಂದವಾಗಿರಬಹುದು. ಮಿಕ್ಸಿಯ ಸದ್ದಿಗೆ ಓಡಿಹೋಗುವ ಮಗುವೇ ಬಿಸಿ ಪಾತ್ರೆ ಮುಟ್ಟಿಯೂ ಕೈ ಹಿಂತೆಗೆಯದಿರಬಹುದು. ಸೋಫಾದಿಂದ ಮತ್ತೆ ಮತ್ತೆ ಧುಮುಕುವ ಮಗುವಿಗೆ ಕೀಲುಗಳಿಂದ ಬರುವ ಸುದ್ದಿ ಸಾಲದಾಗಿರಬಹುದು.

ಈ ದೇಶದ ಶಾಲೆಗಳಲ್ಲಿ 'ಟೋಪಿಯಿಲ್ಲದೆ ಆಟವಿಲ್ಲ' ಎಂಬ ನಿಯಮ ಬಳಕೆಯಲ್ಲಿದೆ. ಪರ್ತ್‌ನ ಬಿಸಿಲಿಗೆ ಅದು ಬೇಕಾದದ್ದೇ. ಆದರೆ ಟೋಪಿಯ ಎಲಾಸ್ಟಿಕ್ ಗದ್ದಕ್ಕೆ ತಾಗುವುದನ್ನು ಸಹಿಸದ ಮಗು ದಿನವೂ ನೆರಳಿನಲ್ಲಿ ಒಂಟಿಯಾಗಿ ಕೂರಬೇಕಾಗುತ್ತದೆ. ದಾರವಿಲ್ಲದ ಮೆತ್ತನೆಯ ಟೋಪಿಯೊಂದರಿಂದ ಇದು ಬಗೆಹರಿದೀತು. ಶಿಕ್ಷಕರನ್ನು ಕೇಳಲು ಸಂಕೋಚ ಬೇಡ. ಅಡಿಲೇಡಿನ ಪೋಷಕರಿಗಂತೂ ಸಂಕೋಚಕ್ಕೆ ಕಾರಣವೇ ಇಲ್ಲ. ದಕ್ಷಿಣ ಆಸ್ಟ್ರೇಲಿಯದ ಸರ್ಕಾರವು 2022ರಲ್ಲಿ ಆಟಿಸಂಗೆಂದೇ ಸಹಾಯಕ ಸಚಿವರನ್ನು ನೇಮಿಸಿತು; ದೇಶದಲ್ಲಿಯೇ ಅದು ಮೊದಲು. ಬ್ರಿಸ್ಬೇನ್ ಕೇಂದ್ರಿತ ಸಂಶೋಧನಾ ಸಂಸ್ಥೆಯಾದ ಆಟಿಸಂ ಸಿ.ಆರ್.ಸಿ. 2018ರಲ್ಲಿ ಹೊರತಂದ ರಾಷ್ಟ್ರೀಯ ಮಾರ್ಗಸೂಚಿಯು ಸ್ಥಿತಿಗೆ ಹೆಸರಿಡುವುದರ ಜೊತೆಗೆ ಮಗುವಿನ ದೈನಂದಿನ ಅಗತ್ಯಗಳನ್ನೂ ಅಳೆಯಬೇಕೆಂದು ಹೇಳಿದೆ. ಆದುದರಿಂದ ವೈದ್ಯರ ಬಳಿ ಹೋಗುವಾಗ ಯಾವ ಸದ್ದು, ಯಾವ ಬಟ್ಟೆ, ದಿನದ ಯಾವ ಹೊತ್ತು ಎಂದು ಎರಡು ವಾರ ಬರೆದಿಟ್ಟ ಟಿಪ್ಪಣಿ ಜೊತೆಗಿರಲಿ. ಕಿವಿ ಮತ್ತು ಹಲ್ಲುಗಳ ಪರೀಕ್ಷೆಯನ್ನು ಮರೆಯಬಾರದು. ಹಲ್ಲುನೋವಿದ್ದರೂ ಮಗು ಊಟ ದೂಡುತ್ತದೆ.

ದುಬಾರಿ ಸಾಧನಗಳ ವಿಷಯದಲ್ಲಿ ಎಚ್ಚರಿಕೆ ಇರಲಿ. ಭಾರದ ಹೊದಿಕೆಯಿಂದ ಆಟಿಸಂ ಇರುವ ಮಕ್ಕಳ ನಿದ್ರೆ ಉತ್ತಮಗೊಳ್ಳಲಿಲ್ಲವೆಂದು 2014ರಲ್ಲಿ ಪ್ರಕಟವಾದ ಬ್ರಿಟನ್ನಿನ ಪ್ರಯೋಗವೊಂದು ತೋರಿಸಿತು. ಅಂಗಿಯ ಒಳಪಟ್ಟಿ ಕತ್ತರಿಸುವುದಕ್ಕೆ ಕಾಸು ಬೇಡ.

ಇನ್ನು ಭಾಷೆಯ ಮಾತು. ಇಂಥ ಮಗು ಹುಟ್ಟಿದ ಮನೆಯಲ್ಲಿ ಕನ್ನಡ ಬಿಟ್ಟು ಇಂಗ್ಲಿಷನ್ನೇ ಆಡಿರೆಂದು ಉಪದೇಶಿಸುವವರಿದ್ದಾರೆ. ಎರಡು ಭಾಷೆಗಳಿಂದ ಆಟಿಸಂ ಇರುವ ಮಕ್ಕಳಿಗೆ ಹಾನಿಯಾಗುತ್ತದೆಂದು ಈವರೆಗಿನ ಸಂಶೋಧನೆಗಳು ತೋರಿಸಿಲ್ಲ. ಘಾಟು, ಒಗರು, ಜಿಗುಟು, ಲೋಳೆ, ತರಿತರಿ, ಚುರುಚುರು: ಇಂದ್ರಿಯಾನುಭವಕ್ಕೆ ನಮ್ಮ ನುಡಿಯಲ್ಲಿ ಎಷ್ಟೊಂದು ಪದಗಳು! ಒಗ್ಗರಣೆ ಹಾಕುವ ಮುನ್ನ ಅಜ್ಜಿ, "ಘಾಟು ಬರತ್ತೆ ಪುಟ್ಟಾ, ಆಚೆ ಹೋಗ್ತೀಯಾ?" ಎಂದು ಕೇಳಲಿ. 'ಘಾಟು' ಎಂದು ಹೇಳಬಲ್ಲ ಮಗು ಚೀರಬೇಕಾದ ಸಂದರ್ಭ ಕಡಿಮೆಯಾಗುತ್ತದೆ. ಮಾತು ಬಾರದ ಮಗುವಿಗೆ ಚಿತ್ರದ ಚೀಟಿ ಸಾಕು.

ಮುಂದಿನ ಯುಗಾದಿಗೆ ಸಭಾಂಗಣ ಕಾದಿರಿಸುವಾಗ ಪಕ್ಕದ ಸಣ್ಣ ಕೋಣೆಯೊಂದನ್ನೂ ಗೊತ್ತುಮಾಡಿ, ದೀಪ ಮಂದವಾಗಿರಿಸಿ, ಡೊಳ್ಳು ಆರಂಭವಾಗುವ ಮುನ್ನ ವೇದಿಕೆಯಿಂದ ಒಮ್ಮೆ ತಿಳಿಸಬೇಕೆಂದು ಸಂಘದ ಕಾರ್ಯಕಾರಿ ಸಮಿತಿಯನ್ನು ಕೋರುತ್ತೇವೆ.