ಮಾತು ಮುಳುಗಿದ ಹಾಡು: ಶೂಗೇಜ್ ಮತ್ತು ಮಿರಜದ ತಂಬೂರಿ



ಬೆಳಗಾವಿಯ ವಡಗಾವಿ, ಖಾಸಬಾಗ, ಶಹಾಪುರದ ಓಣಿಗಳಲ್ಲಿ ವಿದ್ಯುತ್ ಮಗ್ಗದ ಸದ್ದಿನ ನಡುವೆ ಬೆಳೆದವರಿಗೆ ಒಂದು ಅನುಭವ ಹೊಸದಲ್ಲ. ಮಗ್ಗ ಓಡುತ್ತಿರುತ್ತದೆ, ಮೂಲೆಯಲ್ಲಿ ರೇಡಿಯೋ ಹಾಡುತ್ತಿರುತ್ತದೆ. ಪದಗಳು ಸದ್ದಿನಲ್ಲಿ ಮುಳುಗಿ ರಾಗವಷ್ಟೇ ತೇಲಿ ಬರುತ್ತದೆ. ಖಾನಾಪುರದ ಕಡೆ ಆಷಾಢದ ಮಳೆ ಹಂಚಿನ ಮೇಲೆ ಹಿಡಿದು ಸುರಿಯುವಾಗ ಪಕ್ಕದ ಮನೆಯ ಭಜನೆಯೂ ಹೀಗೆಯೇ ಕೇಳುತ್ತದೆ. ಈ ಅನುಭವವನ್ನು ಬೇಕೆಂದೇ ಕಟ್ಟಿದ ಎರಡು ಪಾಶ್ಚಾತ್ಯ ಸಂಗೀತ ಪ್ರಕಾರಗಳಿವೆ: ಶೂಗೇಜ್ ಮತ್ತು ಡ್ರೀಮ್ ಪಾಪ್. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡ ಮಗನಿಗೆ ‘ಅದರಾಗ ಮಾತs ತಿಳೀವಲ್ದಲ್ಲೋ, ಎಂಥಾ ಹಾಡದು?’ ಎಂದು ತಂದೆ ಕೇಳುವ ಪ್ರಶ್ನೆ ನ್ಯಾಯವಾದದ್ದೇ. ಆದರೆ ಅದೇ ಪ್ರಶ್ನೆಯನ್ನು ನಮ್ಮ ಸೀಮೆಯ ಸಂಗೀತಕ್ಕೂ ಹಿಂದೆ ಕೇಳಲಾಗಿತ್ತು.

ಶೂಗೇಜ್ ಎಂದರೆ ಪಾದರಕ್ಷೆಯನ್ನೇ ದಿಟ್ಟಿಸುವುದು. 1990ರ ಸುಮಾರಿಗೆ ಇಂಗ್ಲೆಂಡಿನ ಸಂಗೀತ ಪತ್ರಿಕೆಗಳು ಕುಚೋದ್ಯಕ್ಕೆ ಇಟ್ಟ ಹೆಸರಿದು. ಈ ತಂಡಗಳ ವಾದಕರು ಸಭಿಕರತ್ತ ನೋಡದೆ ತಲೆ ತಗ್ಗಿಸಿ ನಿಂತಿರುತ್ತಿದ್ದರು. ಸಂಕೋಚವೂ ಇದ್ದೀತು, ಆದರೆ ಗಿಟಾರಿನ ನಾದವನ್ನು ಮಾರ್ಪಡಿಸುವ ಪೆಡಲುಗಳೆಲ್ಲ ಇದ್ದದ್ದು ಕಾಲಬುಡದಲ್ಲಿ. ಒಂದು ಪೆಡಲು ನಾದವನ್ನು ಒಡೆದು ಒರಟಾಗಿಸುತ್ತದೆ, ಒಂದು ಅದಕ್ಕೆ ದೊಡ್ಡ ಗುಡಿಯೊಳಗಿನ ಅನುರಣನ ಕೊಡುತ್ತದೆ, ಇನ್ನೊಂದು ಆಗತಾನೆ ನುಡಿಸಿದ್ದನ್ನು ತಡೆದು ಮತ್ತೆ ಮತ್ತೆ ಕೇಳಿಸುತ್ತದೆ. ಇವೆಲ್ಲ ಒಂದರ ಮೇಲೊಂದು ಸೇರಿದಾಗ ಗಿಟಾರು ತಂತಿವಾದ್ಯವೆಂಬುದೇ ಮರೆತುಹೋಗುತ್ತದೆ.

ಈ ಪ್ರಕಾರದ ಮುಖ್ಯ ಕೃತಿ ‘ಮೈ ಬ್ಲಡಿ ವ್ಯಾಲೆಂಟೈನ್’ ತಂಡದ ‘ಲವ್‌ಲೆಸ್’. ಬಂದದ್ದು 1991ರಲ್ಲಿ. ಅದರ ಗಿಟಾರ್ ವಾದಕ ಕೆವಿನ್ ಶೀಲ್ಡ್ಸ್ ತಂತಿಗಳ ಬಿಗಿತವನ್ನು ಬದಲಿಸುವ ಲೋಹದ ಕಡ್ಡಿಯನ್ನು ಕೈಯಲ್ಲಿ ಹಿಡಿದುಕೊಂಡೇ ಮೀಟುತ್ತಾನೆ. ಸ್ವರ ಒಂದು ಕಡೆ ನಿಲ್ಲದೆ ತೊಟ್ಟಿಲಿನಂತೆ ತೂಗುತ್ತದೆ. ಹಾಡುಗಾರಿಕೆಯನ್ನು ವಾದ್ಯಗಳ ಮುಂದೆ ನಿಲ್ಲಿಸದೆ ಅವುಗಳ ಮಟ್ಟಕ್ಕೇ ಇಳಿಸಲಾಗಿದೆ. ಡ್ರೀಮ್ ಪಾಪ್ ಇದಕ್ಕಿಂತ ಮೃದು. ಸ್ಕಾಟ್‌ಲೆಂಡಿನ ‘ಕಾಕ್ಟೋ ಟ್ವಿನ್ಸ್’ ತಂಡದ ಎಲಿಜಬೆತ್ ಫ್ರೇಜರ್ ಅನೇಕ ಹಾಡುಗಳಲ್ಲಿ ಅರ್ಥವನ್ನೇ ಬಿಟ್ಟು ಕೇವಲ ಉಚ್ಚಾರದ ಸೊಗಸಿಗಾಗಿ ಪದಗಳನ್ನು ಆಯ್ದುಕೊಂಡಳು. ನಮ್ಮ ತರಾನಾ ಕೇಳಿದವರು ಇದಕ್ಕೆ ಬೆಚ್ಚಬೇಕಾಗಿಲ್ಲ.

ಈಗ ಊರಿಗೆ ಬರೋಣ. ಖಾನಾಪುರ, ಬೆಳಗಾವಿಗಳನ್ನು ಹಾದುಹೋಗುವ ರೈಲು ಹಳಿ ಉತ್ತರಕ್ಕೆ ಮಿರಜ ಮುಟ್ಟುತ್ತದೆ. ಆ ಊರು ತಂಬೂರಿಗೆ ಪ್ರಸಿದ್ಧ. ಮಿರಜದ ಸಿತಾರ್ ಮತ್ತು ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆತಿದೆ. ತಂಬೂರಿಯಲ್ಲಿ ತಂತಿ ಕುದುರೆಯ ಮೇಲೆ ಒಂದೇ ಬಿಂದುವಿನಲ್ಲಿ ಕೂರುವುದಿಲ್ಲ. ಕುದುರೆಯ ಮೈ ಸ್ವಲ್ಪವೇ ಬಾಗಿದ್ದು, ಮೀಟಿದ ತಂತಿ ಅದನ್ನು ಸವರುತ್ತ ಕಂಪಿಸುತ್ತದೆ. ನಡುವೆ ಒಂದೆಳೆ ನೂಲು. ಅದನ್ನು ಕೂದಲೆಳೆಯಷ್ಟು ಆಚೀಚೆ ಸರಿಸಿದರೆ ನಾದ ಅರಳುತ್ತದೆ, ಇಲ್ಲವೇ ಮುದುಡುತ್ತದೆ. ಆ ನೂಲಿಗೆ ಜೀವಾಳ ಎಂಬ ಹೆಸರು ಸುಮ್ಮನೆ ಬಂದಿಲ್ಲ. ಹೀಗೆ ಮೂಲಸ್ವರದೊಂದಿಗೆ ಅದರ ಉಪಸ್ವರಗಳೂ ಎದ್ದು, ಯಾರೂ ಮೀಟದ ಗಾಂಧಾರ ಮಂದ್ರ ಷಡ್ಜದ ತಂತಿಯಿಂದ ತಾನಾಗಿ ಕೇಳಿಬರುತ್ತದೆ. ಪೆಡಲುಗಳ ಸಾಲು ವಿದ್ಯುತ್ತಿನಿಂದ ಮಾಡುವ ಕೆಲಸದ ಒಂದು ಪಾಲನ್ನು ಇಲ್ಲಿ ನೂಲೆಳೆಯೊಂದು ಮಾಡುತ್ತದೆ.

ಆ ನಾದದೊಳಗೇ ಕಂಠವನ್ನು ಕರಗಿಸಿದವರು ಮಿರಜದಲ್ಲಿ ನೆಲೆಸಿದ್ದ ಕಿರಾನಾ ಘರಾಣೆಯ ಅಬ್ದುಲ್ ಕರೀಂ ಖಾನರು. ಅವರು 1937ರಲ್ಲಿ ತೀರಿಕೊಂಡರು. ಅವರ ಶಿಷ್ಯ ಕುಂದಗೋಳದ ಸವಾಯಿ ಗಂಧರ್ವರು. ಗಂಗೂಬಾಯಿ ಹಾನಗಲ್ಲ, ಭೀಮಸೇನ ಜೋಶಿ ಆ ಶಿಷ್ಯಪರಂಪರೆಯವರು. ಕಿರಾನಾದವರಿಗೆ ಸ್ವರವೇ ಸರ್ವಸ್ವ, ಬಂದಿಶಿನ ಪದಗಳ ಬಗ್ಗೆ ಅಲಕ್ಷ್ಯ ಎಂಬ ಆಕ್ಷೇಪ ವಿಮರ್ಶಕರಿಂದ ಬಂದೇ ಇತ್ತು. ಇಯರ್‌ಫೋನಿನ ಮಗನಿಗೆ ತಂದೆ ಹೇಳುವುದೂ ಇದನ್ನೇ.

ಹೋಲಿಕೆ ಅಷ್ಟಕ್ಕೇ ನಿಲ್ಲುವುದಿಲ್ಲ. ನ್ಯೂಯಾರ್ಕಿನ ಲಾ ಮಾಂಟ್ ಯಂಗ್ ಎಂಬ ಸಂಯೋಜಕ 1960ರ ದಶಕದಲ್ಲಿ ಒಂದೇ ಸ್ವರವನ್ನು ಗಂಟೆಗಟ್ಟಲೆ ಹಿಡಿಯುವ ಪ್ರಯೋಗ ನಡೆಸಿದ. ಅವನ ಗುಂಪಿನಲ್ಲಿ ವಿಯೋಲಾ ನುಡಿಸುತ್ತಿದ್ದ ಜಾನ್ ಕೇಲ್ ಆ ಗುಂಗನ್ನು ‘ವೆಲ್ವೆಟ್ ಅಂಡರ್‌ಗ್ರೌಂಡ್’ ಎಂಬ ರಾಕ್ ತಂಡಕ್ಕೆ ಒಯ್ದ. ಆ ತಂಡದ ಪ್ರಭಾವ ಮುಂದೆ ಶೂಗೇಜ್‌ನವರ ಮೇಲಾಯಿತು. ಇತ್ತ ಯಂಗ್ 1970ರಲ್ಲಿ ಕಿರಾನಾದ ಪಂಡಿತ್ ಪ್ರಾಣನಾಥರನ್ನು ಅಮೆರಿಕಕ್ಕೆ ಕರೆಸಿಕೊಂಡು ಅವರ ಶಿಷ್ಯನಾದ. ಹಾಗೆಂದು ಶೂಗೇಜ್ ಕಿರಾನಾದ ಮಗು ಎಂದು ಎದೆ ತಟ್ಟಿಕೊಳ್ಳುವಂತಿಲ್ಲ; ಪ್ರಾಣನಾಥರು ಅಲ್ಲಿಗೆ ಹೋಗುವ ಮೊದಲೇ ಕೇಲ್ ಆ ಮನೆ ಬಿಟ್ಟಾಗಿತ್ತು. ಒಂದೇ ಬಾವಿಯ ಕಡೆಗೆ ಎರಡು ದಾರಿ, ಅಷ್ಟೇ.

ತಂದೆಯ ಪರವಾಗಿಯೂ ಒಬ್ಬ ದೊಡ್ಡ ಸಾಕ್ಷಿ ಬೆಳಗಾವಿ ಜಿಲ್ಲೆಯಲ್ಲೇ ಇದ್ದಾರೆ. 1924ರಲ್ಲಿ ಸುಳೇಭಾವಿಯಲ್ಲಿ ಹುಟ್ಟಿದ ಕುಮಾರ ಗಂಧರ್ವರು. ತಂಬೂರಿಯ ಶ್ರುತಿ ಕೂಡಿಸುವುದರಲ್ಲಿ ಅವರಷ್ಟು ನಿಷ್ಠುರರು ವಿರಳ. ಆದರೂ ಅವರು ಕಬೀರನನ್ನು ಹಾಡಿದಾಗ ಒಂದು ಪದವೂ ಮಸುಕಾಗುವುದಿಲ್ಲ. ಗುಂಗು ತುಂಬಿದ್ದರೆ ಮಾತು ಮುಳುಗಲೇಬೇಕೆಂಬ ನಿಯಮವಿಲ್ಲ. ಇನ್ನು ಶೂಗೇಜ್‌ನಲ್ಲಿ ದುರ್ಬಲ ಕಂಠವನ್ನು ಪೆಡಲಿನ ಮಂಜಿನ ಹಿಂದೆ ಬಚ್ಚಿಟ್ಟವರೂ ಇಲ್ಲದಿಲ್ಲ. ಲವ್‌ಲೆಸ್‌ನಲ್ಲಿ ಮುಳುಗಿದ ದನಿ ಮತ್ತೆ ಕೇಳಿದಾಗ ಮೇಲೆದ್ದು ಬರುತ್ತದೆ. ಮಂಜಿನ ಹಿಂದೆ ಏನೂ ಇಲ್ಲದಿದ್ದಲ್ಲಿ ಎಷ್ಟು ಕೇಳಿದರೂ ಮಂಜೇ.

ಇಂಗ್ಲೆಂಡಿನಲ್ಲಿ ಈ ಅಲೆ ಬೇಗ ಇಳಿಯಿತು. ‘ಸ್ಲೋಡೈವ್’ ತಂಡವನ್ನು ಅದರ ಧ್ವನಿಮುದ್ರಣ ಸಂಸ್ಥೆ 1995ರಲ್ಲಿ ಕೈಬಿಟ್ಟಿತು. ಅದೇ ತಂಡ 2014ರಲ್ಲಿ ಮತ್ತೆ ಒಂದಾಗಿ, 2017 ಮತ್ತು 2023ರಲ್ಲಿ ಹೊಸ ಆಲ್ಬಮ್‌ಗಳನ್ನು ತಂದಿದೆ. ಅವರು ಬೇರೆಯಾದ ಮೇಲೆ ಹುಟ್ಟಿದ ಹುಡುಗರೂ ಈಗ ಅದನ್ನು ಕೇಳುತ್ತಿದ್ದಾರೆ. ನಮ್ಮಲ್ಲಿ ಆದದ್ದು ಬೇರೆ. ತಂಬೂರಿಯ ಜಾಗಕ್ಕೆ ಮೊದಲು ವಿದ್ಯುತ್ ಪೆಟ್ಟಿಗೆ ಬಂತು, ಈಗ ಮೊಬೈಲು. ಖಾನಾಪುರದ ಮಳೆಗಾಲದ ಥಂಡಿಗೆ ನಿಮಿಷಕ್ಕೊಮ್ಮೆ ಶ್ರುತಿ ಜಾರುವ ಕಷ್ಟ ಅದಕ್ಕಿಲ್ಲ. ಸರಿಸಿ ನೋಡಲು ಜೀವಾಳವೂ ಇಲ್ಲ. ಸಂಜೆ ಮಗ ಇಯರ್‌ಫೋನ್ ತೆಗೆದಾಗ ಅವನ ಕೈಗೊಂದು ನಿಜವಾದ ತಂಬೂರಿ ಕೊಟ್ಟು ಆ ನೂಲನ್ನು ಸರಿಸಲು ಹೇಳಿ ನೋಡಬಹುದು. ಗಿಟಾರಿನಲ್ಲಿ ಅವನು ಹುಡುಕುತ್ತಿದ್ದ ನಾದದ ಒಂದು ತುಣುಕು ಅಲ್ಲಿ ಅವನ ಕಿವಿಗೆ ಬೀಳಬಹುದು.