ತಪ್ಪು ಯಾರದು, ತಪ್ಪು ಎಲ್ಲಿ?

(ಶತಮಾನೋತ್ಸವದ ಅಂಗವಾಗಿ ಜರಗಿದ ವಿಜ್ಞಾನ ಪ್ರದರ್ಶನದ ಉದ್ಘಾಟನೆಯಂದು ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣ)



ನೂರು ವರ್ಷ ತುಂಬಿದ ಶಾಲೆಯ ಅಂಗಳದಲ್ಲಿ ನಿಂತಾಗ ಹಿರಿಯರನ್ನು ನೆನೆಯುವುದು ನಮ್ಮ ಕರ್ತವ್ಯ. ಅವರಿಗೆ ನಮಿಸಿ, ಇಂದು ನಾನು ಆ ಮೇಜಿನ ಮೇಲಿರುವ ಥರ್ಮಾಕೋಲಿನ ಪುಟ್ಟ ವಿಮಾನದ ಕುರಿತು ನಾಲ್ಕು ಮಾತು ಹೇಳಬಯಸುತ್ತೇನೆ. ಅದರ ರೆಕ್ಕೆಯಲ್ಲಿ ಎರಡು ತೇಪೆಗಳಿವೆ. ಮೊದಲನೆಯದಕ್ಕೆ ಒಂದು ಸಡಿಲ ಬೆಸುಗೆ ಕಾರಣ. ಎರಡನೆಯದಕ್ಕೆ ನಾನು ಕಾರಣ.

ಅದು ವಿದ್ಯುತ್ ಮೋಟಾರಿನಿಂದ ಹಾರುವ, ನೆಲದಿಂದ ರೇಡಿಯೋ ಸಂಕೇತದ ಮೂಲಕ ನಡೆಸುವ ವಿಮಾನ. ಅದರೊಳಗೆ ಶಕ್ತಿ ಹರಿಯುವ ದಾರಿ ಸರಳ: ಬ್ಯಾಟರಿಯಿಂದ ಕನೆಕ್ಟರಿನ ಮೂಲಕ ವೇಗ ನಿಯಂತ್ರಕಕ್ಕೆ, ಅಲ್ಲಿಂದ ಮೂರು ತಂತಿಗಳಲ್ಲಿ ಮೋಟಾರಿಗೆ, ಮೋಟಾರಿನಿಂದ ಪ್ರೊಪೆಲರಿಗೆ. ಲಿಥಿಯಂ ಪಾಲಿಮರ್ ಬ್ಯಾಟರಿಯ ಮೂರು ಕೋಶಗಳು ಪೂರ್ಣ ತುಂಬಿದಾಗ ತಲಾ 4.2ರಂತೆ ಒಟ್ಟು 12.6 ವೋಲ್ಟ್ ಕೊಡುತ್ತವೆ. ಕೋಶವೊಂದು ಸುಮಾರು 3 ವೋಲ್ಟಿಗಿಂತ ಕೆಳಗಿಳಿದರೆ ಬ್ಯಾಟರಿ ಕೆಡುತ್ತದೆ. ಆದುದರಿಂದ ವೋಲ್ಟೇಜು ಕುಸಿಯತೊಡಗಿದೊಡನೆ ನಿಯಂತ್ರಕವು ಮೋಟಾರಿನ ಶಕ್ತಿಯನ್ನು ತಗ್ಗಿಸಿ, ವಿಮಾನವನ್ನು ಹಿಡಿತದಲ್ಲಿಟ್ಟು ಇಳಿಸಲು ಬೇಕಾದಷ್ಟನ್ನು ಮಾತ್ರ ಉಳಿಸಿಕೊಳ್ಳುತ್ತದೆ.

ಕಳೆದ ವರ್ಷ ಕೊಯ್ಲು ಮುಗಿದ ಗದ್ದೆಯಲ್ಲಿ ಅದರ ಮೊದಲ ಹಾರಾಟ. ತೆಂಗಿನ ಮರದೆತ್ತರಕ್ಕೆ ಏರುವಷ್ಟರಲ್ಲಿ ಮೋಟಾರು ಸೊರಗಿತು. ವಿಮಾನ ಹುಣಿಗೆ ಬಡಿದು ರೆಕ್ಕೆ ಮುರಿಯಿತು. ಶಾಲೆಗೆ ತಂದು ಅಳೆದಾಗ ಬ್ಯಾಟರಿ 11.9 ವೋಲ್ಟ್ ತೋರಿಸಿತು. ಬ್ಯಾಟರಿ ಸರಿಯಿದ್ದರೆ ಕೆಟ್ಟಿರುವುದು ಮೋಟಾರೇ ಎಂದು ನಾನು ತೀರ್ಪಿತ್ತೆ. ಅಷ್ಟಕ್ಕೇ ನಿಲ್ಲದೆ, "ಇದನ್ನು ಜೋಡಿಸಿದವರು ಯಾರು?" ಎಂದು ಗಡುಸಾಗಿ ಕೇಳಿದೆ. ಒಂಬತ್ತನೆಯ ತರಗತಿಯ ಹುಡುಗನೊಬ್ಬ ತಲೆ ತಗ್ಗಿಸಿದ.

ರಕ್ಷಕ-ಶಿಕ್ಷಕ ಸಂಘದ ಹಣದಲ್ಲಿ ಹೊಸ ಮೋಟಾರು ಬಂತು. ವಿಮಾನ ಅದೇ ಗದ್ದೆಯ ಮೇಲೆ, ಅದೇ ಎತ್ತರದಲ್ಲಿ ಸೊರಗಿ ಮತ್ತೆ ಬಿತ್ತು. ಕುಣಿಯಲಾರದವಳು ನೆಲ ಡೊಂಕೆಂದ ಗಾದೆ ನನಗೇ ಒಪ್ಪುವಂತಾಯಿತು.

ಅಂದು ಸಂಜೆ ಆ ಹುಡುಗ ನನ್ನ ಕೊಠಡಿಯ ಬಾಗಿಲಲ್ಲಿ ನಿಂತ. "ಟೀಚರ್, ಬೈಯುವುದಿಲ್ಲವಾದರೆ ಒಂದು ಮಾತು ಹೇಳುತ್ತೇನೆ. ವಿಮಾನ ಬಿದ್ದ ಕೂಡಲೇ ಕನೆಕ್ಟರ್ ಬಿಚ್ಚಿದಾಗ ಕೈ ಸುಟ್ಟಿತು. ಮೊದಲ ಸಲವೂ ಹಾಗೆಯೇ ಆಗಿತ್ತು." ಅದನ್ನು ಬೆಸೆದವನು ಅವನೇ. ಮೊದಲೇ ಏಕೆ ಹೇಳಲಿಲ್ಲವೆಂದು ಕೇಳಹೊರಟವಳಿಗೆ ಉತ್ತರ ತಾನಾಗಿ ಹೊಳೆಯಿತು. 'ಯಾರು' ಎಂದು ಕೇಳಿ ಅವನ ಬಾಯಿ ಕಟ್ಟಿದವಳು ನಾನೇ.

ಮರುದಿನ ವಿಮಾನವನ್ನು ಬೆಂಚಿಗೆ ಬಿಗಿದು, ಮಕ್ಕಳನ್ನು ಪ್ರೊಪೆಲರಿನಿಂದ ದೂರ, ಹಿಂಬದಿಯಲ್ಲಿ ನಿಲ್ಲಿಸಿ, ಭೌತಶಾಸ್ತ್ರದ ಅಧ್ಯಾಪಕರು ಮೋಟಾರನ್ನು ಪೂರ್ಣ ವೇಗದಲ್ಲಿ ತಿರುಗಿಸಿದರು. ಹರಿದ ವಿದ್ಯುತ್ತು 20 ಆಂಪಿಯರ್. ಕನೆಕ್ಟರಿನ ಒಂದು ಬದಿಗಿಂತ ಇನ್ನೊಂದು ಬದಿಯಲ್ಲಿ ವೋಲ್ಟೇಜು ಒಂದು ವೋಲ್ಟಿನಷ್ಟು ಕಡಿಮೆಯಿತ್ತು. ಓಮನ ನಿಯಮದಂತೆ ಆ ಬೆಸುಗೆಯ ಪ್ರತಿರೋಧ 0.05 ಓಮ್ ಮಾತ್ರ. ಆದರೂ ಅಲ್ಲಿ 20 ವಾಟ್ ಶಕ್ತಿ ಬರಿಯ ಬಿಸಿಯಾಗಿ ಪೋಲಾಗುತ್ತಿತ್ತು. ಸಣ್ಣದೊಂದು ಸೋಲ್ಡರಿಂಗ್ ಐರನ್ನಿಗೆ ಅಷ್ಟು ಸಾಕು. ಪ್ರೊಪೆಲರಿಗೆ ಸಲ್ಲುವ ಶಕ್ತಿ ಅದು ತಿರುಗುವ ವೇಗದ ಘನಕ್ಕೆ ಅನುಗುಣವಾದುದರಿಂದ ವೇಗ ಹತ್ತನೆಯ ಒಂದು ಪಾಲು ತಗ್ಗಿದರೂ ಶಕ್ತಿ ಕಾಲುಭಾಗಕ್ಕಿಂತ ಹೆಚ್ಚು ತಗ್ಗುತ್ತದೆ. ಮೇಲಾಗಿ, ಬ್ಯಾಟರಿಯೇ ಬರಿದಾಯಿತೆಂದು ನಿಯಂತ್ರಕವು ತಪ್ಪು ತಿಳಿದು ಮೋಟಾರನ್ನು ತಡೆಯುತ್ತಿತ್ತು. ಮೇಜಿನ ಮೇಲೆ ಸುಮ್ಮನಿದ್ದಾಗ ವಿದ್ಯುತ್ತು ಹರಿಯದು, ದೋಷವೂ ಕಾಣದು. ಹೊರೆ ಬಿದ್ದಾಗ ಅಳೆದರೆ ಮಾತ್ರ ನಿಜ ತಿಳಿಯುವುದು.

ಅಡಿಕೆ ತೋಟವಿರುವ ಹೆತ್ತವರಿಗೆ ಇದು ಹೊಸತಲ್ಲ. ಬೇಸಗೆಯಲ್ಲಿ ವೋಲ್ಟೇಜು ಕುಸಿದು ಪಂಪು ನೀರೆತ್ತದಾದಾಗ ನೀವು ಪಂಪನ್ನು ಬದಲಿಸುವುದಿಲ್ಲ. ಮೊದಲು ಲೈನನ್ನು ನೋಡುತ್ತೀರಿ.

ಈಗ ನಮ್ಮ ವಿಜ್ಞಾನ ಸಂಘದ ಗೋಡೆಯಲ್ಲಿ ಮಕ್ಕಳೇ ಬರೆದ ಕ್ರಮವೊಂದಿದೆ. ಮೊದಲು ಬ್ಯಾಟರಿ: ಪ್ರತಿ ಕೋಶವನ್ನೂ ಹೊರೆಯಲ್ಲಿ ಅಳೆಯಬೇಕು, ಉಬ್ಬಿದ ಬ್ಯಾಟರಿಯನ್ನು ಬಳಸಕೂಡದು. ಬಳಿಕ ಕನೆಕ್ಟರು: ಬಿಸಿಯಾಗುತ್ತಿದೆಯೇ? ಮೂರನೆಯದು ನಿಯಂತ್ರಕ: ಥ್ರಾಟಲಿನ ತುದಿಮೊದಲುಗಳನ್ನು ಅದಕ್ಕೆ ಸರಿಯಾಗಿ ಗುರುತಿಸಿ ಕೊಟ್ಟಿದೆಯೇ? ಅನಂತರ ಮೂರು ತಂತಿಗಳು: ಒಂದು ಕಳಚಿದ್ದರೂ ಮೋಟಾರು ತಿರುಗದೆ ನಡುಗುತ್ತದೆ. ಕೊನೆಗೆ ಪ್ರೊಪೆಲರು: ಅಳತೆಯ ಅಂಕಿಗಳಿರುವ ಮುಖ ವಿಮಾನದ ಮುಂದಕ್ಕಿದೆಯೇ, ನಟ್ಟು ಬಿಗಿಯಾಗಿದೆಯೇ, ಗಾತ್ರ ಮೋಟಾರಿಗೆ ತಕ್ಕುದೇ? ಹೊರೆಯ ಪರೀಕ್ಷೆ ಬಿಟ್ಟು ಉಳಿದೆಲ್ಲದಕ್ಕೂ ಮೊದಲು ಪ್ರೊಪೆಲರನ್ನು ಕಳಚಿಡಬೇಕು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಅಳೆಯದೆ ಏನನ್ನೂ ಕೊಳ್ಳಬಾರದು.

ಹುಡುಗ ಕನೆಕ್ಟರನ್ನು ತಾನೇ ಮತ್ತೆ ಬೆಸೆದ. ಮೂರನೆಯ ಸಲ ವಿಮಾನ ತೆಂಗಿನ ಮರಗಳನ್ನು ದಾಟಿ ಹಾರಿ, ಗದ್ದೆಯಲ್ಲೇ ಮೆಲ್ಲಗೆ ಇಳಿಯಿತು.

ಕನ್ನಡದಲ್ಲಿ ಕಲಿತರೆ ವಿಜ್ಞಾನ ಒಲಿಯುವುದೇ ಎಂದು ಕಾಸರಗೋಡಿನ ಹೆತ್ತವರು ಇಂದಿಗೂ ನನ್ನನ್ನು ಕೇಳುತ್ತಾರೆ. ಅವರ ಆತಂಕವನ್ನು ನಾನು ಹಗುರವಾಗಿ ಕಾಣುವವಳಲ್ಲ. ಆದರೆ ಆ ಸಂಜೆ ಹುಡುಗ ಕೈ ಸುಟ್ಟ ಸಂಗತಿಯನ್ನೂ ಅದರಿಂದ ತಾನು ಊಹಿಸಿದ್ದನ್ನೂ ನನಗೆ ತಿಳಿಸಿದ್ದು ಕನ್ನಡದಲ್ಲಿ. ವೋಲ್ಟೇಜು, ಕನೆಕ್ಟರು ಎಂಬ ಪದಗಳು ಎಲ್ಲಿಂದಲಾದರೂ ಬರಲಿ, ಅವನು ಯೋಚಿಸಿದ್ದು ತಾಯಿನುಡಿಯಲ್ಲಿಯೇ. ಅವನಿಗಿದ್ದ ಅಡ್ಡಿ ಭಾಷೆಯಲ್ಲ, ನನ್ನ ಭಯ.

ಅಧ್ಯಾಪಕ ಬಂಧುಗಳೇ, ಹೆತ್ತವರೇ, ಅಂಕಪಟ್ಟಿ ಕೈಗೆ ಬಂದಾಗಲೂ, ಮನೆಯಲ್ಲಿ ಏನಾದರೊಂದು ಒಡೆದಾಗಲೂ 'ಯಾರು' ಎಂಬ ಪ್ರಶ್ನೆಯನ್ನು ತುಸು ತಡೆದು, 'ಎಲ್ಲಿ' ಎಂದು ಕೇಳೋಣ. ಎರಡನೆಯ ಶತಮಾನಕ್ಕೆ ಕಾಲಿಡುವ ಈ ಶಾಲೆಯಲ್ಲಿ ತನ್ನ ತಪ್ಪನ್ನು ತಾನೇ ಬಂದು ಹೇಳುವ ಧೈರ್ಯ ಪ್ರತಿ ಮಗುವಿಗೂ ಇರಲಿ ಎಂದು ಹಾರೈಸುತ್ತಾ ನನ್ನ ಮಾತುಗಳನ್ನು ಮುಗಿಸುತ್ತೇನೆ.